‘ಎಲ್ಲರೂ’ ಅನ್ನಬೇಡ

“ನೋಡಮ್ಮ, ಒಬ್ಬೊಬ್ಬರನ್ನೇ ಕರಿ. ‘ಎಲ್ಲರೂ ಬನ್ನಿ’ ಅಂತ ಮಾತ್ರ ಅನ್ನಬೇಡ,” ಎಂದು ಅತ್ತೆ ಮತ್ತೆ ಹೇಳಿದಾಗ ಹೊಸ ಸೊಸೆಗೆ ನಗು ತಡೆಯಲಾಗಲಿಲ್ಲ.

ವರ್ಷಕ್ಕೊಮ್ಮೆ, ರಜೆಯ ದಿನ, ಮನೆಮಂದಿಯೆಲ್ಲ ಒಂದೇ ಮೇಜಿಗೆ ಕೂತು ಉಣ್ಣುವುದು ಆ ಮನೆಯ ಪದ್ಧತಿ. ಈ ಸಲ ಬಡಿಸುವ ಸರದಿ ಅವಳದು. ಹೋಟೆಲಿನಲ್ಲಿ ದಿನವೂ ನೂರಾರು ಜನರ ಊಟ ನಿಭಾಯಿಸುವವಳಿಗೆ ಆರು ತಟ್ಟೆ ಯಾವ ಲೆಕ್ಕ? ಆರನೆಯ ಕುರ್ಚಿ ಅವಳಿಗೆಂದೇ ಮಾಡಿಸಿದ್ದು. ವಾರ್ನಿಷಿನ ವಾಸನೆ ಇನ್ನೂ ಹೋಗಿರಲಿಲ್ಲ. ಹಾಸ್ಟೆಲುಗಳಲ್ಲೇ ಬೆಳೆದವಳು ಆ ಕುರ್ಚಿಯನ್ನು ಯಾರೂ ನೋಡದಾಗ ಸವರಿ ನೋಡಿದ್ದಳು.

ಕಾರಣ ಕೇಳಿದ್ದಕ್ಕೆ ಅತ್ತೆ ದನಿ ತಗ್ಗಿಸಿ ಹೇಳಿದರು. ಹಿಂದೆ ಈ ಮನೆಯ ಸೊಸೆಯೊಬ್ಬಳನ್ನು ಜಗಳವಾಡಿ ಹೊರಹಾಕಿದ್ದರಂತೆ. ಊಟದ ದಿನ ಒಳಗಿನವರು ‘ಎಲ್ಲರೂ ಬನ್ನಿ’ ಎಂದು ಕೂಗಿದ್ದು ಬೀದಿಯಲ್ಲಿದ್ದ ಅವಳಿಗೆ ಕೇಳಿಸಿತು. ಬಂದಳು. ಅವಳಿಗೆ ತಟ್ಟೆ ಇರಲಿಲ್ಲ. ತಲೆಗೂದಲು ಕಿತ್ತು ಮೊಳೆಗೆ ಸುತ್ತಿ, ಏನೋ ಗೊಣಗುತ್ತ ಹೊಸ್ತಿಲಿಗೆ ಹೊಡೆದಳು. ‘ಎಲ್ಲರೂ ಅಂದ್ರೆ ನಾನೂ ಸೇರಿದೀನಿ. ಇನ್ನು ಹಾಗೆ ಕರೆದವಳ ಜಾಗ ನಂದು.’ ಆ ಮೊಳೆ ಇನ್ನೂ ಅಲ್ಲೇ ಇದೆ, ಕಿತ್ತರೂ ಬರುವುದಿಲ್ಲ.

“ಒಬ್ಬೊಬ್ಬರನ್ನೇ ಕರೆಯೋ ಹೊತ್ತಿಗೆ ಅಡುಗೆ ಆರಿ ಹೋಗುತ್ತೆ ಅತ್ತೆ. ಬಂದ್ರೆ ಬರ್ಲಿ ಬಿಡಿ, ಇನ್ನೊಂದು ತಟ್ಟೆ ಇಟ್ರಾಯ್ತು.”

ಅತ್ತೆ ನಗಲಿಲ್ಲ. ಮಾತುಮಾತಿಗೂ ನಗುವ ಗಂಡನೂ ನಗಲಿಲ್ಲ.

ಮುಸ್ಸಂಜೆಗೆ ಎಲ್ಲ ಬಡಿಸಿಯಾಗಿತ್ತು. ಮಾವ ಟೀವಿಯ ಮುಂದೆ, ಮೈದುನ ಮಹಡಿಯಲ್ಲಿ, ನಾದಿನಿ ಫೋನಿನಲ್ಲಿ. ಸೊಸೆ ಹೊಸ್ತಿಲಾಚೆ ನಿಂತು, ಬೇಕೆಂದೇ, ಗಂಟಲೆತ್ತಿ ಕೂಗಿದಳು. “ಎಲ್ಲರೂ ಬನ್ನಿ!”

ದೀಪ ಹೋಯಿತು.

ಕೂದಲು ಸುಟ್ಟ ವಾಸನೆ ಬಂತು. ಕತ್ತಲಲ್ಲಿ ಕುರ್ಚಿಗಳನ್ನು ಎಳೆಯುವ ಸದ್ದು. ಒಂದು. ಮತ್ತೊಂದು. ಐದನೆಯದು. ಉಳಿದದ್ದು ತನ್ನದು. ಅದನ್ನೂ ಯಾರೋ ಎಳೆದರು.

ದೀಪ ಬಂತು.

ಆರೂ ಕುರ್ಚಿ ತುಂಬಿದ್ದವು. ಗಂಡನ ಪಕ್ಕದಲ್ಲೊಬ್ಬಳು ಕೂತಿದ್ದಳು. ತನ್ನದೇ ಸೀರೆ, ತನ್ನದೇ ಬಳೆ, ಗಲ್ಲದ ಮೇಲೆ ತನ್ನದೇ ಮಚ್ಚೆ. ಎಷ್ಟೋ ವರ್ಷದ ಹಸಿವೆಯಂತೆ ತುತ್ತಿನ ಮೇಲೆ ತುತ್ತು ಗಬಗಬ ನುಂಗುತ್ತಿದ್ದಳು. ಯಾರಿಗೂ ಅದು ವಿಚಿತ್ರವೆನಿಸಲಿಲ್ಲ.

ಅತ್ತೆ ತಲೆಯೆತ್ತಿ ಬಾಗಿಲ ಕಡೆ ನೋಡಿದರು.

“ಯಾರಮ್ಮ ನೀವು? ಯಾರು ಬೇಕಿತ್ತು?”

“ಅತ್ತೆ, ನಾನು…”

ಕಾಲು ಹೊಸ್ತಿಲು ದಾಟಲಿಲ್ಲ. ಬಗ್ಗಿ ನೋಡಿದಳು. ಮೊಳೆಗೆ ಸುತ್ತಿದ್ದ ಕೂದಲು ಹೊಸದು. ಕೈ ತಲೆಗೆ ಹೋಯಿತು. ಬೆರಳಿಗೆ ರಕ್ತ ಹತ್ತಿತು. ಗಂಡ ಎದ್ದು ಬಂದು, ಅಪರಿಚಿತರ ಮುಂದೆ ಮುಚ್ಚುವಂತೆ, ಮೆಲ್ಲಗೆ ಬಾಗಿಲು ಮುಚ್ಚಿದ. ಒಳಗೆ ಯಾವುದೋ ಮಾತಿಗೆ ಅವನ ನಗು ಕೇಳಿಸಿತು.

ಮರುವರ್ಷ ಅದೇ ದಿನ ಅವಳು ಕಿಟಕಿಗೆ ಕಿವಿಗೊಟ್ಟು ಬೀದಿಯಲ್ಲಿ ನಿಂತಿದ್ದಳು. ಒಂದೇ ಒಂದು ಮಾತಿಗಾಗಿ.

ಒಳಗೆ ಸೊಸೆ ಕರೆಯುತ್ತಿದ್ದಳು. “ಮಾವ, ಬನ್ನಿ. ಅತ್ತೆ, ನೀವೂ ಬನ್ನಿ…”

ಒಬ್ಬೊಬ್ಬರನ್ನೇ ಕರೆದಳು. ಎಲ್ಲೂ ತಪ್ಪಲಿಲ್ಲ. ಆ ಮಾತಿನ ಬೆಲೆ ಅವಳಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?