ಭುಜದ ಡಾಕ್ಟರ ಬಾಗಿಲಲ್ಲಿ

"ಏನ್ರೀ, ಇವತ್ತೂ ಓಡಿ ಹೋಗ್ತೀರಾ?"

ಬ್ಯೂಟಿ ಪಾರ್ಲರ್ ನಡೆಸುವ ಪಾರ್ಲರಮ್ಮ ಬೆಚ್ಚಿಬಿದ್ದಳು. ಅರವತ್ತು ದಾಟಿದ ಹೆಂಗಸನ್ನು, ಅದೂ ಮೂಳೆ ಡಾಕ್ಟರ ಬಾಗಿಲಲ್ಲಿ, ಹೀಗೆ ಕೇಳುವ ಗಂಡಸು ಯಾರಪ್ಪಾ?

"ನಾನು ಓಡಿದ್ರೆ ನಿಮಗೇನ್ರೀ ಕಷ್ಟ?"

ಅವನು ನಕ್ಕ. ಬಸ್ ಓಡಿಸಿ ನಿವೃತ್ತನಾದ ಡ್ರೈವರ್. ಬಲಗೈಯನ್ನು ಸರಾಗವಾಗಿ ತಲೆಯ ಮೇಲಕ್ಕೆತ್ತಿ ತೋರಿಸಿದ.

"ಹೋದ ವರ್ಷ ಇದೂ ನಿಮ್ಮ ಬಲಗೈ ಥರಾನೇ ಜೋತುಬಿದ್ದಿತ್ತು. ಇಲ್ಲೇ ರಿವರ್ಸ್ ಮಾಡಿಸ್ದೆ."

"ಬಸ್ಸಾ?"

"ಭುಜ ಕಣ್ರೀ!"

ನಗು ಬಂತು, ಆದರೆ ಅವಳಿಗೆ ಕೂರಲಾಗಲಿಲ್ಲ. ಕಿಟಕಿಯವರೆಗೆ ಹೋದಳು, ಬಂದಳು, ಮತ್ತೆ ಹೋದಳು. ಇದುವರೆಗೆ ಕಂಡ ಡಾಕ್ಟರುಗಳು ಒಬ್ಬೊಬ್ಬರು ಒಂದೊಂದು ಹೇಳಿದ್ದರು. ಕತ್ತರಿಯನ್ನು ತಲೆಯೆತ್ತರಕ್ಕೆ ಹಿಡಿಯಲಾಗದಿದ್ದರೆ ಪಾರ್ಲರ್ ಮುಚ್ಚಬೇಕು. ಗಂಡ ಹೋದ ಮೇಲೆ ಅವಳಿಗೆ ಉಳಿದದ್ದು ಅದೊಂದೇ. ಪಳಗದ ಡಾಕ್ಟರ ಕೈಗೆ ಸಿಕ್ಕಿಬಿಟ್ಟರೆ...?

"ಇದೇ ಆಪರೇಷನ್ ಎಷ್ಟು ಸಲ ಮಾಡಿದೀರಿ ಅಂತ ಮುಖ ನೋಡಿ ಕೇಳಿ. ತಡಬಡಾಯಿಸಿದ್ರೆ ಎದ್ದು ಬನ್ನಿ," ಎಂದ ಡ್ರೈವರ್.

"ಆಮೇಲೆ ಎಲ್ಲಾ ಕೆಲಸ ಆಗುತ್ತಾ?"

"ಓ! ಎಲ್ಲಾ!"

ಒಳಗೆ ಅದನ್ನೇ ಕೇಳಿದಾಗ ಡಾಕ್ಟರಮ್ಮ ತಡಬಡಾಯಿಸಲಿಲ್ಲ. "ತಿಂಗಳಿಗೆ ಮೂರ್ನಾಲ್ಕಾದ್ರೂ ಮಾಡ್ತೀನಿ. ರಿವರ್ಸ್ ಅಂದ್ರೆ ಕೀಲಲ್ಲಿ ಗುಂಡು ಇರೋ ಕಡೆ ಬಟ್ಟಲು, ಬಟ್ಟಲಿರೋ ಕಡೆ ಗುಂಡು ಕೂರಿಸ್ತೀವಿ. ಹರಿದ ಸ್ನಾಯುಗಳ ಕೆಲಸ ಭುಜದ ದೊಡ್ಡ ಸ್ನಾಯು ನೋಡ್ಕೊಳ್ಳುತ್ತೆ. ಕೆಲವು ವಾರ ಕೈ ಕೊರಳಿಗೆ ತೂಗುಹಾಕೋ ಸ್ಲಿಂಗಲ್ಲಿ, ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ. ಕತ್ತರಿ ಹಿಡೀಬಹುದು ಅಂತ ನನ್ನ ನಂಬಿಕೆ. ಆದ್ರೆ ಕೈ ಬೆನ್ನ ಹಿಂದಕ್ಕೆ ಮೊದಲಿನ ಹಾಗೆ ಹೋಗದೇ ಇರಬಹುದಮ್ಮ."

ಪಾರ್ಲರಮ್ಮ ಕೆಂಡಾಮಂಡಲವಾಗಿ ಹೊರಬಂದಳು.

"ಎಲ್ಲಾ ಆಗುತ್ತೆ ಅಂದ್ರಲ್ಲ! ಪೇಷಂಟ್ ಹಿಡಿದು ಕೊಟ್ರೆ ನಿಮಗೆ ಕಮಿಷನ್ ಎಷ್ಟು?"

ಡ್ರೈವರ್ ಮುಖ ಸಪ್ಪಗಾಯಿತು. ಎದ್ದು ಮೆಟ್ಟಿಲಿಳಿದ.

"ಅಯ್ಯೋ, ಏನಂದ್ಬಿಟ್ರಿ!" ನರ್ಸಮ್ಮ ಹಣೆ ಚಚ್ಚಿಕೊಂಡಳು. "ಅವರ ಕೊನೇ ಚೆಕಪ್ ಹೋದ ವಾರಾನೇ ಮುಗೀತು. ಅವತ್ತೇ ಅಲ್ವಾ ನೀವು ಹೆದರಿ ಓಡಿದ್ದು? ಆಮೇಲೆ ದಿನಾ ಬಂದು ಕೂರ್ತಾರೆ, ನೀವು ಮತ್ತೆ ಬರ್ತೀರಾ ಅಂತ."

ಪಾರ್ಲರಮ್ಮ ಬಾಯಿಗೆ ಬಡಿದುಕೊಂಡಳು. 'ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ!'

ಓಡಿದಳು. ಗೇಟಿನ ಬಳಿ ಅವನ ಬೆನ್ನು ಕಂಡಿತು. ಮುಂದೆ ಅಷ್ಟು ಒಪ್ಪವಾಗಿ ಪ್ಯಾಂಟಿನೊಳಗೆ ಸಿಗಿಸಿದ್ದ ಅಂಗಿ, ಹಿಂದೆ ಬಲಗಡೆ ಹೊರಗೆ ಜೋತಾಡುತ್ತಿತ್ತು.

"ನಿಲ್ರೀ! ನಿಮ್ಮ ಕೈಯೂ ಹಿಂದಕ್ಕೆ ಹೋಗಲ್ವಾ? ಮತ್ತೆ ಯಾಕೆ ಹೇಳ್ಲಿಲ್ಲ?"

ಅವನು ತಿರುಗಲಿಲ್ಲ. "ಹೇಳಿದ್ರೆ ಮತ್ತೆ ಓಡ್ತೀರಿ ಅಂತ ಭಯ ಆಯ್ತು. ಅದೂ ಅಲ್ದೆ... ಅಂಗಿ ಸಿಗಿಸಿಕೊಳ್ಳೋಕೂ ಬರದ ಮುದುಕ ಅಂತ ನಿಮ್ಮ ಮುಂದೆ ಒಪ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ. ನೀವು ನನಗೆ ಇಷ್ಟ ಆಗಿಬಿಟ್ಟಿದ್ರಿ. ಸುಳ್ಳು ಹೇಳಿದ್ದು ತಪ್ಪೇ."

"ನಾನಂದಿದ್ದು ಅದಕ್ಕಿಂತ ದೊಡ್ಡ ತಪ್ಪು." ಅವಳು ಅವನ ಹಿಂದೆಯೇ ಬಂದು ನಿಂತಳು.

"ಆಪರೇಷನ್...?"

"ಈ ಡಾಕ್ಟರಮ್ಮನ ಹತ್ರಾನೇ. ಆಗದೇ ಇರೋದನ್ನೂ ಬಾಯಿಬಿಟ್ಟು ಹೇಳಿದ್ರಲ್ಲ, ನಂಬಿಕೆ ಬಂತು. ಆದ್ರೆ ಮನೇಲಿ ನಾನೊಬ್ಳೇ. ಕೈ ಕಟ್ಟಿಹಾಕಿದ್ರೆ ಜಡೆ ಯಾರು ಹಾಕ್ತಾರೆ?"

"ಕಲಿಸಿ, ನಾನು ಹಾಕ್ತೀನಿ!"

ನೋಡುವವರು ನೋಡಲಿ ಎಂದು ಪಾರ್ಲರಮ್ಮ ತನ್ನ ನೆಟ್ಟಗಿದ್ದ ಎಡಗೈಯಿಂದ ಅವನ ಅಂಗಿಯನ್ನು ಮೆಲ್ಲಗೆ ಒಳಗೆ ಸಿಗಿಸಿದಳು.

"ನನ್ನ ಬೆನ್ನಿಗೆ ನನ್ನ ಕೈಯೇ ಹೋಗಲ್ಲ ಕಣ್ರೀ..." ಅವನು ಕತ್ತು ಹೊರಳಿಸಿ ನೋಡಿದ.

"ಹೋಗ್ದಿದ್ರೆ ಬಿಡಿ... ನನ್ನ ಕೈ ಬಂತಲ್ಲ!"