ಅಜ್ಜಿಯ ಸೋಸುವ ಬಟ್ಟೆ

ನಾಲ್ಕು ಗಂಟೆಯೊಳಗೆ ಗೈಡ್ ಮೇಡಂಗೆ ಪ್ರಾಜೆಕ್ಟ್ ಪ್ಲ್ಯಾನ್ ಕೊಡಬೇಕಿತ್ತು. ಮೂರೂವರೆಯಾದರೂ ಪ್ರಾಜೆಕ್ಟಿನ ಜೊತೆಗಾರ ಸಂಗ್ರಾಮನ ಪತ್ತೆಯಿಲ್ಲ, ಫೋನ್ ಸ್ವಿಚ್ಡ್ ಆಫ್. ನಮ್ಮ ಕಾಗವಾಡದ ಕಾಲೇಜಿನ ಲ್ಯಾಬಿಗೂ ಗೇಟಿಗೂ ಅಡ್ಡಾಡಿ ನನ್ನ ಚಪ್ಪಲಿ ಸವೆದದ್ದೇ ಬಂತು.

"ನಿನ್ನೆ ನೀನ ಅಲ್ಲೇನ ಅವನ ಮ್ಯಾಲ ಹರಿಹಾಯ್ದಾಕಿ? ಈಗ್ಯಾಕ ಗೇಟ್ ಕಾಯಾಕತ್ತಿ?" ಗೆಳತಿ ಪೂನಮ ಕಣ್ಣು ಮಿಟುಕಿಸಿದಳು.

"ಪ್ರಾಜೆಕ್ಟಿನ ಸಲುವಾಗಿ." ಹಸಿ ಸುಳ್ಳು.

ಕೃಷ್ಣಾ ಹೊಳೆಯ ನೀರನ್ನು ಬಟ್ಟೆಯಲ್ಲಿ ಸೋಸಿದರೆ ಎಷ್ಟು ತಿಳಿಯಾಗುತ್ತದೆ? ಇದೇ ನಮ್ಮಿಬ್ಬರ ಪ್ರಾಜೆಕ್ಟ್. ನಾವು ಜೈನರು ಸೋಸದ ನೀರು ಕುಡಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳನ್ನು ನೀರು ತಂದ ಜಾಗಕ್ಕೇ ಮರಳಿ ಬಿಡುತ್ತೇವೆ. ಅಜ್ಜಿಯನ್ನು ಕಾಡಿಬೇಡಿ ಆಕೆಯ ಬಟ್ಟೆಯನ್ನೇ ತಂದಿದ್ದೆ. ನಿನ್ನೆ ಆ ಮಹಾರಾಯ ನೀರು ಸೋಸಿ, ಬಟ್ಟೆಯನ್ನು ಸಿಂಕಿನಲ್ಲಿ ಸೋಪು ಹಾಕಿ ತಿಕ್ಕಿಬಿಟ್ಟ! "ಹೆಂಗ ಸ್ವಚ್ಛ ಆತ ನೋಡ," ಎಂದು ಹಲ್ಲು ಕಿರಿದ ಬೇರೆ.

"ನಿನ್ನ ಜೋಡಿ ಪ್ರಾಜೆಕ್ಟೂ ಬ್ಯಾಡ, ಏನೂ ಬ್ಯಾಡ!" ಎಂದು ಬಟ್ಟೆಯನ್ನೂ ಅಲ್ಲೇ ಬಿಟ್ಟು ಎದ್ದು ಬಂದಿದ್ದೆ. ಪ್ರಾಜೆಕ್ಟ್ ಹೋದರೆ ಹೋಗಲಿ. ಅವನು ಆ ಮಾತನ್ನು ನಿಜವೆಂದೇ ನಂಬಿಬಿಟ್ಟರೆ?

ಅಷ್ಟರಲ್ಲಿ ಬಂದ. ಪ್ಯಾಂಟು ಮೊಣಕಾಲಿನತನಕ ಒದ್ದೆ.

"ಎಲ್ಲಿ ಹಾಳಾಗಿ ಹೋಗಿದ್ದಿ?"

"ಉಗಾರಕ್ಕ, ಹೊಳಿಗೆ. ಫೋನ್ ಚಾರ್ಜ್ ಹೋಗಿತ್ತ." ಏದುಸಿರು ಬಿಡುತ್ತಲೇ ಹೇಳಿದ. "ಪ್ಲ್ಯಾನ್ ಬದಲ ಮಾಡೇನಿ. ನೀರು ಲ್ಯಾಬಿಗೆ ತರೂದ ಬ್ಯಾಡ. ನೀರು ಎಷ್ಟು ತಿಳಿ ಐತಿ ಅಂತ ಅಳಿಯೂ ಮೀಟರ್ ತಗೊಂಡು ಹೊಳಿ ದಂಡಿಗೇ ಹೋಗೂಣು. ಅಲ್ಲೇ ಸೋಸೂಣು, ಅಲ್ಲೇ ರೀಡಿಂಗ್ ತಗೊಳ್ಳೂಣು, ಬಟ್ಟ್ಯಾಗ ಉಳದದ್ದು ಅಲ್ಲೇ ಬಿಡೂಣು. ಮಾಡಿ ನೋಡೇ ಬಂದೇನಿ."

ಕಿಸೆಯಿಂದ ಅಜ್ಜಿಯ ಬಟ್ಟೆ ತೆಗೆದ. ಅಂದವಾಗಿ ಮಡಚಿದ್ದ.

"ಸೋಪಿನ ವಾಸನಿ ಹೋಗೂತನಾ ಹಾಸ್ಟೆಲ್ ನಳದಾಗ ಜಾಲಾಡಿ, ಆಮ್ಯಾಲ ಹೊಳಿಗೆ ಒಯ್ದೆ. ತಪ್ಪಾತ, ಬ್ರಾಹ್ಮಿ. ನನಗ ಗೊತ್ತಿರಲಿಲ್ಲ."

ಅವನು ನೆಲ ನೋಡುತ್ತ ಮೆಲ್ಲಗೆ ಅಂದ: "ಪ್ರಾಜೆಕ್ಟ್ ಬ್ಯಾಡಂದ್ರ ತಡಕೋತೇನಿ. ಏನೂ ಬ್ಯಾಡಂದ್ರ ನನ್ನ ಕೈಲೆ ಆಗೂದಿಲ್ಲ."

"ನಾ ಅಂದೇನಂತ ನೀ ನಂಬೂದೇನ, ಹುಚ್ಚಪ್ಪಾ?"

ಅವನು ತಲೆಯೆತ್ತಿದ. ಆ ಕಣ್ಣು ನೋಡಲಾಗದೆ, ಅವನು ಬರೆದು ತಂದಿದ್ದ ಹೊಸ ಪ್ಲ್ಯಾನಿನ ಮೇಲೆ ಇಬ್ಬರ ಹೆಸರೂ ಗೀಚಿ ಮೇಡಂ ಟೇಬಲ್ಲಿಗೆ ಓಡಿದೆ.

ಮರಳಿ ಬಂದಾಗ ಬಟ್ಟೆ ಹಿಡಿದು ಹಾಗೇ ನಿಂತಿದ್ದ.

"ಅದನ್ನ ಅಜ್ಜಿ ಕೈಯಾಗ ನೀನ ಕೊಡ. ಸೋಪಿನ ಕಥಿನೂ ನೀನ ಹೇಳ. ಬೈದ ಮ್ಯಾಲ ಊಟಕ್ಕ ಕುಂಡರಸ್ತಾಳ. ಆದ್ರ ನಮ್ಮಲ್ಲಿ ಹೊತ್ತು ಮುಳುಗಿದ ಮ್ಯಾಲ ಉಣ್ಣೂದಿಲ್ಲ."

"ಯಾವಾಗ ಬರಲಿ? ಪ್ರಾಜೆಕ್ಟ್ ಮುಗದ ಮ್ಯಾಲ?"

ನಾನು ಗೇಟಿನಾಚೆ ನೋಡಿದೆ. ಕಬ್ಬಿನ ಗದ್ದೆಯ ಮೇಲೆ ಬಿಸಿಲು ಚುರುಗುಡುತ್ತಿತ್ತು.

"ಇನ್ನೂ ಹೊತ್ತೈತಿ," ಅಂದೆ. "ನಡಿ."