ಪೆನ್ಸಿಲ್ ಮೇಷ್ಟ್ರು ಬರೆಯದ ಪತ್ರ

"ಇದನ್ನ ಗೀಚಿದ್ದು ಯಾರು?"

ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತು ಅವಳು ಕೇಳಿದ ರೀತಿಗೆ ಮೂವರು ಒಟ್ಟಿಗೆ ತಲೆ ತಗ್ಗಿಸಿದರು. ನಾಲ್ಕನೆಯವನು ಮಾತ್ರ ತಲೆ ಎತ್ತಿದ.

ಅವಳ ಕೈಯಲ್ಲಿದ್ದದ್ದು ಇಪ್ಪತ್ತೆರಡು ಪುಟಗಳ ಪ್ರಬಂಧ. ಬೆಳಿಗ್ಗೆ ಪ್ರಿಂಟರಿಗೆ ಕೊಟ್ಟು, ಗಂಟೆ ಹೊಡೆಯಿತೆಂದು ತರಗತಿಗೆ ಓಡಿದ್ದಳು. ವಾಪಸ್ ಬಂದು ನೋಡಿದರೆ ಪ್ರತಿ ಪುಟದ ಅಂಚಿನಲ್ಲೂ ಇರುವೆ ಸಾಲಿನಂಥ ಪೆನ್ಸಿಲ್ ಅಕ್ಷರ!

"ನಾನೇ," ಎಂದ ಅವನು. "ಹೆಸರಿರಲಿಲ್ಲ. ಯಾರೋ ವಿದ್ಯಾರ್ಥಿದು ಅಂದ್ಕೊಂಡೆ."

"ವಿದ್ಯಾರ್ಥಿ ಬರೆದ ಥರ ಇದೆಯಾ?"

"ಇಲ್ಲ. ಅದಕ್ಕೇ ಪೂರ್ತಿ ಓದಿದೆ."

ಅವಳಿಗೆ ಬಂದಿದ್ದ ಸಿಟ್ಟು ಅರ್ಧ ದಾರಿಯಲ್ಲಿ ಎಡವಿತು. ಆದರೂ ಬಿಡಲಿಲ್ಲ. "ಒಂಬತ್ತನೇ ಪುಟದಲ್ಲಿ ಏನಿದು? 'ನಂಬಬೇಕು ಅನ್ನಿಸುತ್ತದೆ. ವಾದ ಎಲ್ಲಿ?' ಅಂತ?"

"ವಾದ ಎಲ್ಲಿ, ಮೇಡಂ?"

"ಆದರೆ ಸರ್..."

ಆ 'ಆದರೆ' ಊಟದ ವಿರಾಮ ಮುಗಿದರೂ ಮುಗಿಯಲಿಲ್ಲ.

ಅವಳು ಆ ಕಾಲೇಜಿಗೆ ತತ್ವಶಾಸ್ತ್ರ ಹೇಳಿಕೊಡಲು ಬಂದು ಎರಡು ತಿಂಗಳಾಗಿತ್ತು, ಅಷ್ಟರಲ್ಲೇ ವಿದ್ಯಾರ್ಥಿಗಳು 'ಆದರೆ ಮೇಡಂ' ಎಂದು ನಾಮಕರಣ ಮಾಡಿ ಮುಗಿಸಿದ್ದರು. ಅವನು ತರ್ಕಶಾಸ್ತ್ರದ ಹಳೆಯ ಅಧ್ಯಾಪಕ, 'ಪೆನ್ಸಿಲ್ ಮೇಷ್ಟ್ರು'. ಪ್ರಶ್ನೆಪತ್ರಿಕೆಯಿರಲಿ, ರಜೆ ಅರ್ಜಿಯಿರಲಿ, ಮೊಬೈಲಿನ ಒಂದು ಸಾಲಿನ ಸಂದೇಶವೇ ಇರಲಿ, ಮೊದಲು ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು, ಅಳಿಸಿ, ತಿದ್ದಿ, ಆಮೇಲೆ ಕಳಿಸುವ ಮನುಷ್ಯ. 'ಹೌದು' ಅನ್ನೋಕೂ ರಬ್ಬರು ಬೇಕು ಇವರಿಗೆ ಎಂದು ಗುಮಾಸ್ತರು ನಗುತ್ತಿದ್ದರು.

ಪ್ರಬಂಧದ ಸಾರ ಇಷ್ಟೇ. ಒಬ್ಬರನ್ನು ಪ್ರೀತಿಸುವವರು ಅವರ ಬಗ್ಗೆ ಹೇಳುವ ಮಾತನ್ನು ಲೋಕ ನಂಬುವುದಿಲ್ಲ, ಪಕ್ಷಪಾತ ಎನ್ನುತ್ತದೆ. ಆದರೆ ಹೆಚ್ಚು ಹೊತ್ತು ನೋಡಿದವರಿಗೆ ತಾನೇ ಹೆಚ್ಚು ಕಾಣುವುದು? ಇದನ್ನು ಕಟ್ಟಿಕೊಂಡು ಅವಳು ವಿದೇಶದ ಏಳು ವಿಶ್ವವಿದ್ಯಾಲಯಗಳಿಗೆ ಪಿಎಚ್‌ಡಿಗೆ ಅರ್ಜಿ ಹಾಕುವವಳಿದ್ದಳು. ಒಂದೊಂದು ಕಡೆಯೂ ಮುನ್ನೂರು ಅರ್ಜಿಗೆ ಐದೋ ಆರೋ ಜಾಗ.

ಅವಳ ಅಮ್ಮನಿಗೆ ಮನೆಯ ಮುಂದಿನ ಕೋಣೆಯಲ್ಲೇ ಟೈಲರಿಂಗ್ ಅಂಗಡಿ. ಹೊಲಿಗೆ ಯಂತ್ರ ತುಳಿಯುತ್ತಲೇ ವಿಚಾರಣೆ ನಡೆಯುತ್ತಿತ್ತು.

"ಓದಿ ಬಂದ್ಮೇಲೆ ಏನಾಗ್ತೀಯೇ?"

"ಡಾಕ್ಟರ್ ಆಗ್ತೀನಮ್ಮ."

"ಜ್ವರಕ್ಕೆ ಮಾತ್ರೆ ಕೊಡ್ತೀಯಾ?"

"ಇಲ್ಲ. ಜ್ವರ ನಿಜವಾಗ್ಲೂ ಇದೆಯಾ ಅಂತ ಕೇಳ್ತೀನಿ."

"ಹಾಗಾದ್ರೆ ರೋಗಿ ಉಳಿದ ಹಾಗೇ," ಎಂದು ಅಮ್ಮ ಹಲ್ಲಿನಲ್ಲಿ ದಾರ ಕತ್ತರಿಸಿದಳು.

ಎಂಟು ತಿಂಗಳಲ್ಲಿ ಪ್ರಬಂಧ ಆರು ಸಲ ಹೊಸದಾಯಿತು. ಆರು ಸಲವೂ ಅವನು ಓದಿದ. ಮೆಟ್ಟಿಲ ಮೇಲೆ, ಕಾರಿಡಾರಿನಲ್ಲಿ, ತಣ್ಣಗಾದ ಕಾಫಿಯ ಮುಂದೆ ಇಬ್ಬರೂ ಜಗಳವಾಡಿದರು. ತನ್ನ ಒಂದು ಅಲ್ಪವಿರಾಮದ ಮುಂದೆ ಅಷ್ಟು ಹೊತ್ತು ಕೂತವರನ್ನು ಅವಳು ಕಂಡಿರಲಿಲ್ಲ.

*ಇವರಿಗೆ ನನ್ನ ಪ್ರಬಂಧ ಇಷ್ಟಾನಾ, ಇಲ್ಲಾ...* ಆ ಯೋಚನೆಯನ್ನು ಅವಳು ಅಲ್ಲಿಗೇ ನಿಲ್ಲಿಸುತ್ತಿದ್ದಳು.

ಏಳರಲ್ಲಿ ಆರು ಕಡೆ ಮೂರು ಶಿಫಾರಸು ಪತ್ರ ಬೇಕಿತ್ತು, ಒಂದು ಕಡೆ ಮಾತ್ರ ಎರಡು. ವಿಭಾಗದ ಮುಖ್ಯಸ್ಥೆ ಒಪ್ಪಿದ್ದರು, ಎಂ.ಎ. ಓದಿಸಿದ್ದ ಗುರುಗಳೂ ಒಪ್ಪಿದ್ದರು. ಮೂರನೆಯದಕ್ಕೆ ಅವನ ಮೇಜಿನ ಮುಂದೆ ನಿಂತಳು.

"ನಾನಾ?" ಎಂದ. ಕೈಯಲ್ಲಿದ್ದ ಪೆನ್ಸಿಲ್ ಉರುಳಿ ಕೆಳಗೆ ಬಿತ್ತು.

"ಆ ಪ್ರಬಂಧ ನನಗಿಂತ ಚೆನ್ನಾಗಿ ಗೊತ್ತಿರೋದು ನಿಮಗೊಬ್ರಿಗೇ."

ಬಗ್ಗಿ ಅದನ್ನು ಎತ್ತಿಕೊಂಡು, "ಪ್ರಯತ್ನ ಮಾಡ್ತೀನಿ," ಎಂದ.

ಅರ್ಜಿಯ ಜಾಲತಾಣದಲ್ಲಿ, ಪತ್ರ ಬರೆಯುವವರ ಹೆಸರಿನ ಪಕ್ಕ ಒಂದೊಂದು ಪುಟ್ಟ ಪದ ಕಾಣುತ್ತದೆ. ಮೊದಲಿಬ್ಬರ ಪಕ್ಕ 'ಸಲ್ಲಿಸಲಾಗಿದೆ' ಎಂದು ಬಂತು. ಅವನ ಪಕ್ಕ, 'ಆರಂಭಿಸಲಾಗಿದೆ'.

ಮಾರನೆಯ ದಿನವೂ 'ಆರಂಭಿಸಲಾಗಿದೆ'. ಹತ್ತನೆಯ ದಿನವೂ ಅದೇ. ಹತ್ತೊಂಬತ್ತು ದಿನ ಅವಳು ಹಲ್ಲುಜ್ಜುವ ಮೊದಲು ಆ ಪದವನ್ನು ನೋಡಿದಳು.

*ಬರೀತಿದ್ದಾರೆ... ಅಳಿಸ್ತಿದ್ದಾರೆ... ಮತ್ತೆ ಬರೀತಿದ್ದಾರೆ. ಎಂಥಾ ಪತ್ರ ಆಗ್ತಿರಬಹುದು!*

ಆ ಪತ್ರ ಅವಳ ಕಣ್ಣಿಗೆ ಬೀಳುವಂತಿರಲಿಲ್ಲ. 'ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೇನೆ' ಎಂಬ ಚೌಕದಲ್ಲಿ ತಾನೇ ಗುರುತು ಹಾಕಿದ್ದಳು. ಆದರೂ ಅವನು ತನ್ನ ಬಗ್ಗೆ ಏನೋ ಬರೆಯುತ್ತಿದ್ದಾನೆ ಎನ್ನುವುದೇ ಸಾಕಿತ್ತು.

ಇಪ್ಪತ್ತನೆಯ ಬೆಳಿಗ್ಗೆ ಆ ಪದ ಬದಲಾಗಿತ್ತು.

'ನಿರಾಕರಿಸಲಾಗಿದೆ.'

ಕೊನೆಯ ದಿನಾಂಕಕ್ಕೆ ಉಳಿದಿದ್ದದ್ದು ಮೂರೇ ದಿನ. ಮೊಬೈಲಿನಲ್ಲಿ ಅವನ ಎರಡು ಸಾಲು: 'ನಿಮ್ಮ ಬಗ್ಗೆ ಪತ್ರ ಬರೆಯಲು ನಾನು ತಕ್ಕವನಲ್ಲ. ಕ್ಷಮಿಸಿ.'

ಕಾರಿಡಾರಿನಲ್ಲಿ ಅವನಿಗೆ ಅಡ್ಡ ನಿಂತಳು.

"ತಕ್ಕವನಲ್ಲ ಅಂದ್ರೇನು ಸರ್? ನಾನು ತಕ್ಕವಳಲ್ಲ ಅಂತ ತಾನೇ?"

"ಹಾಗಲ್ಲ ಮೇಡಂ."

"ಮತ್ತೆ ಹೇಗೆ?"

ಅವನು ಕೈಯಲ್ಲಿದ್ದ ಹಾಜರಿ ಪುಸ್ತಕ ತೆರೆದ. ಮುಚ್ಚಿದ. "ಹೇಳೋಕಾಗಲ್ಲ."

"ವಾದ ಎಲ್ಲಿ ಅಂತ ಕೇಳಿದ್ರಲ್ಲ ನನ್ನ? ಈಗ ನಾನು ಕೇಳ್ತೀನಿ. ವಾದ ಎಲ್ಲಿ ಸರ್?"

ಗಂಟೆ ಹೊಡೆಯಿತು. ಅವನು ಹಾಜರಿ ಪುಸ್ತಕವನ್ನು ಎದೆಗೊತ್ತಿಕೊಂಡು ತರಗತಿಗೆ ನಡೆದುಬಿಟ್ಟ.

ಮೂರನೆಯ ಪತ್ರವನ್ನು ಪ್ರಾಂಶುಪಾಲರು ಬರೆದರು. ಎಲ್ಲರಿಗೂ ಕೊಡುವ ಅದೇ ನಾಲ್ಕು ಸಾಲು: ಸಮಯಪಾಲನೆ, ಸನ್ನಡತೆ. ಸಹಿ ಹಾಕುವಾಗ, "ನಿಮ್ದು ಭೌತಶಾಸ್ತ್ರ ಅಲ್ವಾ?" ಎಂದೂ ಕೇಳಿದರು.

ಆ ಸಂಜೆ ಅಮ್ಮನ ಅಂಗಡಿಯಲ್ಲಿ, ಬಟ್ಟೆ ತೊಟ್ಟು ನೋಡುವ ಪರದೆಯ ಹಿಂದೆ ನಿಂತು ಅವಳು ಬಿಕ್ಕಿದಳು. ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿದಳು. ಪರದೆಯ ಕೆಳಗಿನಿಂದ ಒಂದು ತುಂಡು ಬಟ್ಟೆ ತೂರಿಸಿದಳು.

"ಇದ್ರಲ್ಲಿ ಒರೆಸ್ಕೊ, ಮೆತ್ತಗಿದೆ. ಗಿರಾಕಿ ಬಟ್ಟೆ ಮುಟ್ಟಬೇಡ."

ಎರಡು ತಿಂಗಳ ನಂತರ ಉತ್ತರಗಳು ಬರತೊಡಗಿದವು. ಆ ದೇಶಗಳಲ್ಲಿ ಕಚೇರಿ ಮುಚ್ಚುವ ಹೊತ್ತು ಇವಳಿಗೆ ಬೆಳಗಾಗುತ್ತಿತ್ತು. ಎಂಟು ಗಂಟೆಯ ತರಗತಿಗೆ ಮೊದಲು 'ಇಲ್ಲ' ಎಂದು ಓದಿಕೊಂಡು, ಒಂಬತ್ತರವರೆಗೆ ಪಾಠ ಮಾಡುತ್ತಿದ್ದಳು. ಯಾರ ವಾದದ ಮೇಲೆ ತನ್ನ ಪ್ರಬಂಧ ಕಟ್ಟಿದ್ದಳೋ ಆ ವಿದುಷಿ ಪಾಠ ಮಾಡುವ ಜಾಗದಿಂದಲೂ 'ಇಲ್ಲ' ಬಂತು. ಅಂದು ಮಾತ್ರ ಹಾಜರಿ ಕೂಗುವಾಗ ಎರಡು ಹೆಸರು ಬಿಟ್ಟುಹೋದವು.

ಅಧ್ಯಾಪಕರ ಕೊಠಡಿಯಲ್ಲಿ ಅವಳು ತನ್ನ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡಿದ್ದಳು. ಅವನು ಬಂದರೆ ಎದ್ದು ಹೋಗುತ್ತಿದ್ದಳು. ಅವನೂ ಕರೆಯಲಿಲ್ಲ.

ಆರು ಕಡೆ 'ಇಲ್ಲ'. ಏಳನೆಯ ಕಡೆ 'ಬನ್ನಿ' ಎಂದರು.

ಅವಳು ನಕ್ಕಳು. ಆಮೇಲೆ ಏನೋ ಹೊಳೆದು ಹಾಗೇ ಮಂಚದ ಅಂಚಿಗೆ ಕುಸಿದಳು. ಏಳನೆಯದು ಎರಡೇ ಪತ್ರ ಕೇಳಿದ್ದ ಜಾಗ... ಮೂರನೆಯದು ಬೇಕಿದ್ದ ಆರೂ ಕಡೆ ಬಾಗಿಲು ಹಾಕಿತ್ತು.

ಹೊರಡುವ ಹಿಂದಿನ ವಾರ ಅಮ್ಮ ಚಳಿಗೆಂದು ಕೋಟು ಹೊಲಿದಳು. ತೊಟ್ಟರೆ ತೋಳು ಬೆರಳಿನವರೆಗೆ ಬಂತು.

"ಅಮ್ಮ, ಒಂದಿಂಚು ಉದ್ದ ಆಯ್ತು."

"ಗೊತ್ತು ಕಣೇ. ಊರಿಗೆಲ್ಲ ಸರಿಯಾಗೇ ಅಳತೆ ತಗೋತೀನಿ, ನಿನ್ನದು ಮಾತ್ರ ಯಾವತ್ತೂ ತಪ್ಪುತ್ತೆ. ಟೇಪು ಹಿಡಿದ ತಕ್ಷಣ ಇವಳಿನ್ನೂ ಬೆಳೀತಾಳೆ ಅನ್ಸುತ್ತೆ, ಕೈ ತಾನಾಗೇ ಮುಂದಕ್ಕೆ ಹೋಗುತ್ತೆ. ಏನ್ಮಾಡ್ಲಿ? ತಪ್ಪುತ್ತೆ ಅಂತ ಹೊಲೀದೇ ಇರಕ್ಕಾಗುತ್ತಾ? ಮಡಚಿ ಹಾಕ್ಕೊ."

ಕಾಲೇಜಿನ ಕೊನೆಯ ದಿನ. ಮೇಜು ಖಾಲಿ ಮಾಡಲು ಬಂದವಳಿಗೆ ಅದರ ಮೇಲೆ ಒಂದು ಕಟ್ಟು ಕಂಡಿತು. ಪ್ರಬಂಧದ ಆರೂ ಪ್ರತಿಗಳನ್ನು ಅವನು ದಾರ ಕಟ್ಟಿ ಹಿಂದಿರುಗಿಸಿದ್ದ. *ನನ್ನ ಗುರುತೇ ಬೇಡವಾಯ್ತು ಇವರಿಗೆ.*

ದಾರ ಬಿಚ್ಚಿದಳು. ಮೊದಲ ಪ್ರತಿ, ಒಂಬತ್ತನೇ ಪುಟ. ಅಲ್ಲಿಂದ ಒಂದು ಬಿಡಿ ಹಾಳೆ ಜಾರಿತು. ಅದನ್ನು ಅಲ್ಲಿ ಇಟ್ಟಿದ್ದೇ ಅವನಿಗೆ ಮರೆತುಹೋಗಿತ್ತು.

ಮೇಲೆ ಅವನ ಅಕ್ಷರದಲ್ಲಿ ಶಿಫಾರಸು ಪತ್ರದ ಮೊದಲ ಪ್ರಶ್ನೆ: 'ಅರ್ಜಿದಾರರನ್ನು ನೀವು ಯಾವ ಸಂಬಂಧದಲ್ಲಿ ಬಲ್ಲಿರಿ?'

ಕೆಳಗೆ, ಅಳಿಸಿದ್ದರೂ ಒತ್ತಿದ ಗುರುತು ಉಳಿದಿದ್ದ ಪದಗಳು. ಸಹೋದ್ಯೋಗಿ. ಓದುಗ. ಸ್ನೇಹಿತ. ಮತ್ತೆ ಸಹೋದ್ಯೋಗಿ. ಉಜ್ಜಿ ಉಜ್ಜಿ ಕಾಗದ ಒಂದು ಕಡೆ ತೂತಾಗಿತ್ತು. ತೂತಿನ ಕೆಳಗೆ ಅಳಿಸದೇ ಉಳಿದ ಒಂದೇ ಸಾಲು.

'ಅವಳು ಎದ್ದು ಹೋದ ಮೇಲೆ ಕೊಠಡಿಯಲ್ಲಿ ಕೂರಲಾಗದವನು.'

ಅಕ್ಷರಗಳು ಕಲಸಿಹೋದವು. ಹತ್ತೊಂಬತ್ತು ದಿನ... ಮೊದಲ ಪ್ರಶ್ನೆಯಲ್ಲೇ ಇದ್ದನೇ ಇವನು?

ಅವನು ಖಾಲಿ ತರಗತಿಯಲ್ಲಿ ಬೋರ್ಡು ಒರೆಸುತ್ತಿದ್ದ. ಅವಳ ಕೈಯಲ್ಲಿನ ಹಾಳೆ ನೋಡಿ ಅವನ ಕೈ ನಿಂತಿತು.

"'ಸಹೋದ್ಯೋಗಿ' ಅಂತ ಬರೆದಿದ್ರೆ ಸುಳ್ಳಾಗ್ತಿತ್ತಾ ಸರ್?"

"ಸುಳ್ಳಲ್ಲ. ಆದ್ರೆ ಅದೊಂದೇ ನಿಜ ಅಲ್ಲ." ಡಸ್ಟರ್ ಕೆಳಗಿಟ್ಟ. "ನಿಮ್ಮನ್ನ ಹೊಗಳಿ ಒಂದು ವಾಕ್ಯ ಬರೀತಿದ್ದೆ. ಇದು ನನಗೆ ಗೊತ್ತಿರೋದಾ, ನನಗೆ ಬೇಕಾಗಿರೋದಾ ಅಂತ ತಿಳೀತಿರ್ಲಿಲ್ಲ. ಅಳಿಸ್ತಿದ್ದೆ. ಇನ್ನೊಂದೂ ಇತ್ತು..."

"ಏನು?"

"ಚೆನ್ನಾಗಿ ಬರೆದ್ರೆ ನೀವು ಹೋಗ್ಬಿಡ್ತೀರಿ ಅನ್ನೋ ಯೋಚನೆ. ಅಂಥವನ ಕೈಲಿ ನಿಮ್ಮ ಪತ್ರ ಇರಬಾರದು ಅನ್ನಿಸ್ತು."

"ನನಗೆ ಹೇಳಬಹುದಿತ್ತು."

"ನಿಮಗೆ ನನ್ನಿಂದ ಪತ್ರ ಆಗಬೇಕಿತ್ತು. ಅಂಥ ಹೊತ್ತಲ್ಲಿ ಪ್ರೀತಿ ಅಂತ ಹೇಳಿದ್ರೆ ನೀವು 'ಇಲ್ಲ' ಅನ್ನೋಕೂ ಹೆದರಬೇಕಾಗ್ತಿತ್ತು."

ಅವಳ ಕಣ್ಣಲ್ಲಿ ನೀರು, ದನಿಯಲ್ಲಿ ಬೆಂಕಿ. "ನಾನು ಏನಂದ್ಕೊಂಡೆ ಗೊತ್ತಾ? ನಾನು ದಡ್ಡಿ ಅಂತ. ಎಂಟು ತಿಂಗಳು ನೀವು ಬರೀ ಕನಿಕರದಿಂದ ಓದಿದ್ರಿ ಅಂತ. ಬೇರೆಯವರ 'ಇಲ್ಲ' ಒಂದೊಂದು ದಿನ ನೋಯ್ತು ಸರ್. ನಿಮ್ಮದು ದಿನಾ ನೋಯ್ತು."

"ನಾನು ಬರೆದಿದ್ರೆ ಸಿಗ್ತಿತ್ತೋ ಏನೋ. ಅದು ಗೊತ್ತಾಗೋದೇ ಇಲ್ಲ. ಹೊತ್ಕೊಂಡೇ ಇರ್ತೀನಿ."

"ನೀವು ಹೊತ್ರೆ ನನಗೇನು ಹಗುರ ಆಗುತ್ತೆ?"

ಅವನು ಸೀಮೆಸುಣ್ಣದ ಪುಡಿ ಮೆತ್ತಿದ ಕೈಗಳನ್ನು ನೋಡುತ್ತ ನಿಂತ. ಅದರಲ್ಲೊಂದು ಕೈ ತಾನಾಗೇ ಹಾಳೆಯ ಕಡೆ ಮುಂದಕ್ಕೆ ಹೋಗಿ ಹಿಂದಕ್ಕೆ ಬಂತು. ಅದನ್ನು ಕಂಡು ಅವಳಿಗೆ ಅಮ್ಮನ ಟೇಪು ನೆನಪಾಯಿತು.

ಮೊದಲ ಬೆಂಚಿನಲ್ಲಿ ಕುಳಿತಳು.

"ನಮ್ಮಮ್ಮನಿಗೆ ನನ್ನ ಅಳತೆ ತಗೊಳ್ಳೋಕೆ ಬರಲ್ಲ. ಇನ್ನೂ ಬೆಳೀತೀನಿ ಅನ್ಸಿ ಒಂದಿಂಚು ಜಾಸ್ತಿ ಇಡ್ತಾರೆ. ಆದ್ರೂ ಕೋಟು ಹೊಲಿದ್ರು. ತೋಳು ಮಡಚ್ಕೊಂಡ್ರೆ ಆಯ್ತು, ಚಳಿ ತಡೆಯುತ್ತೆ. ನೀವು ಅಳತೆ ತಪ್ಪುತ್ತೆ ಅಂತ ಹೊಲಿಯೋದನ್ನೇ ಬಿಟ್ರಿ."

ಅವನು ಬೆಂಚಿನ ಹತ್ತಿರಕ್ಕೆ ಬಂದ.

"ಇದೇ ಸರ್ ವಾದ. ಒಂಬತ್ತನೇ ಪುಟದ್ದು."

"ಇದಕ್ಕೆ ನನ್ನ ಹತ್ರ ಆಕ್ಷೇಪಣೆ ಇಲ್ಲ," ಎಂದ ನಿಧಾನವಾಗಿ. ಕನ್ನಡಕ ತೆಗೆದು ಒರೆಸಿಕೊಂಡ. ಒರೆಸಿದ ಮೇಲೂ ಹಾಕಿಕೊಳ್ಳಲಿಲ್ಲ. "ಯಾವತ್ತು ಹೊರಡೋದು?"

"ನಾಳಿದ್ದು ಬೆಳಿಗ್ಗೆ."

ಎಂಟು ತಿಂಗಳು ಮಾತಾಡಿ, ಅರ್ಧ ವರ್ಷ ಮಾತು ಬಿಟ್ಟು, ಈಗ ಉಳಿದಿದ್ದದ್ದು ಒಂದೂವರೆ ದಿನ.

"ನಿಲ್ಲಿ ಅಂತ ನಾನು ಹೇಳಲ್ಲ," ಎಂದ.

"ಹೇಳಿದ್ರೂ ನಿಲ್ಲಲ್ಲ." ಅವಳು ಕಣ್ಣೊರೆಸಿಕೊಂಡಳು. "ಸಿಟ್ಟೂ ಇನ್ನೂ ಹೋಗಿಲ್ಲ. ಅದನ್ನೂ ಜೊತೆಗೇ ತಗೊಂಡು ಹೋಗ್ತೀನಿ."

"ತೂಕ ಜಾಸ್ತಿ ಆಗಲ್ವಾ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಆ ನಗು ಕೇಳಿ ಅವನ ಕಣ್ಣು ತುಂಬಿತು.

ಅವಳು ಕೈಚೀಲದಿಂದ ತನ್ನ ಪೆನ್ನು ತೆಗೆದು ಚಾಚಿದಳು. "ನನ್ನ ಬಗ್ಗೆ ಯಾರಿಗೂ ಬರೀಬೇಡಿ ಇನ್ನು. ನನಗೆ ಬರೀರಿ. ಇದರಲ್ಲೇ ಬರೀಬೇಕು. ತಪ್ಪಾದ್ರೆ ಹೊಡೆದು ಹಾಕಿ, ಆದ್ರೆ ಅಳಿಸಬಾರದು. ಏನೇನು ಹೊಡೆದಿದ್ದೀರಿ ಅಂತ ನನಗೆ ಕಾಣಬೇಕು."

ಅವನು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡ.

"ವಾಪಸ್ ಯಾವಾಗ ಕೊಡ್ಲಿ?"

"ಐದು ವರ್ಷ ಅಂತಾರೆ. ತತ್ವಶಾಸ್ತ್ರ ಅಲ್ವಾ, ಏಳೂ ಆಗಬಹುದು."

"ಒಂದು ರೀಫಿಲ್ಲು ಅಷ್ಟು ದಿನ ಬರಲ್ಲ."

"ಹಾಕಿಸ್ಕೊತಾ ಇರಿ."

ಅವನು ಆ ತೂತಾದ ಹಾಳೆಯನ್ನು ಬೆಂಚಿನ ಮೇಲೆ ಹರಡಿದ. ಮೊದಲ ಪ್ರಶ್ನೆಯ ಮುಂದೆ ಪೆನ್ನು ಊರಿ, ಏನೋ ಕೇಳುವವನಂತೆ ಅವಳ ಮುಖ ನೋಡಿದ.

"'ಮೇಡಂ' ಅಂತ ಮಾತ್ರ ಶುರು ಮಾಡಬೇಡಿ," ಎಂದಳು.

"ಮತ್ತೆ ಏನಂತ ಬರೀಲಿ... ನೀನೇ ಹೇಳು."

ಅವಳು ಪಕ್ಕಕ್ಕೆ ಸರಿದು ಅವನಿಗೆ ಕೂರಲು ಜಾಗ ಮಾಡಿಕೊಟ್ಟಳು.